ಚಿಕ್ಕ ಮಕ್ಕಳ ಜೊತೆ ಕಲಬುರಗಿಗೆ ಬರುತ್ತಿದ್ದೀರಾ? ಮನೆ ಆಮೇಲೆ, ಮೊದಲು ಓಣಿ ನೋಡಿ

ವರ್ಗಾವಣೆ ಆರ್ಡರ್ ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ. ಫೋನಿನಲ್ಲಿ ಬಾಡಿಗೆ ಮನೆ ಹುಡುಕುವುದು. ಎರಡು ಬೆಡ್‌ರೂಮು, ಟೈಲ್ಸು, ಕಾರ್ ಪಾರ್ಕಿಂಗು, ಫೋಟೋ ಚೆನ್ನಾಗಿದೆ, ಸರಿ, ಅಡ್ವಾನ್ಸ್ ಕೊಟ್ಟುಬಿಡೋಣ. ಗಂಡ ಹೆಂಡತಿ ಇಬ್ಬರೇ ಇದ್ದರೆ ಇದು ನಡೆಯುತ್ತದೆ. ಮನೆಯಲ್ಲಿ ಎರಡು ವರ್ಷದ್ದೊಂದು, ಆರು ವರ್ಷದ್ದೊಂದು ಇದ್ದರೆ ನಡೆಯುವುದಿಲ್ಲ. ನೀವು ಬೆಳಿಗ್ಗೆ ಹೋಗಿ ಸಂಜೆ ಬರುತ್ತೀರಿ. ಮಗು ದಿನವಿಡೀ ಇರುವುದು ಆ ಓಣಿಯಲ್ಲೇ. ಮನೆ ಸರಿಯಿಲ್ಲ ಅಂದರೆ ಅದೇ ಓಣಿಯಲ್ಲಿ ಇನ್ನೊಂದು ಸಿಗುತ್ತದೆ. ಓಣಿಯೇ ಸರಿಯಿಲ್ಲ ಅಂದರೆ ಶಾಲೆ, ಆಟೋ, ಡಾಕ್ಟರ್, ಮಗುವಿನ ಗೆಳೆಯರು ಎಲ್ಲವನ್ನೂ ಬಿಟ್ಟು ಮತ್ತೆ ಹೊಸದಾಗಿ ಶುರು ಮಾಡಬೇಕು.

ಬ್ಯಾಂಕು, ರೈಲ್ವೆ, ಆಸ್ಪತ್ರೆ, ವಿಶ್ವವಿದ್ಯಾಲಯ ಅಂತ ಈ ಊರಿಗೆ ಬರುವವರು ವರ್ಷವರ್ಷವೂ ಇದ್ದೇ ಇರುತ್ತಾರೆ. ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ನಾನು ಇರುವುದು ಕಲಬುರಗಿಯಲ್ಲಿ, ಅದಕ್ಕೆ ಇಲ್ಲಿನ ಮಾತೇ ಜಾಸ್ತಿ. ಬೀದರ್, ಯಾದಗಿರಿ ಬಗ್ಗೆ ಮುಂದೆ ಸ್ವಲ್ಪ ಹೇಳಿದ್ದೇನೆ.

ನೋಡಲು ಯಾವ ಹೊತ್ತಿಗೆ ಬರಬೇಕು

ಮನೆ ನೋಡುವವರು ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ. ಆ ಹೊತ್ತಿಗೆ ಎಲ್ಲ ಓಣಿಗಳೂ ಚೆನ್ನಾಗಿಯೇ ಕಾಣುತ್ತವೆ. ಸಾಧ್ಯವಾದರೆ ಏಪ್ರಿಲ್‌ನಲ್ಲೋ ಮೇನಲ್ಲೋ ಬನ್ನಿ. ಆ ಎರಡು ತಿಂಗಳು ಈ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ, ಬಿಸಿಲು ಹೇಗಿರಬಹುದು ಅಂತ ಅದರಲ್ಲೇ ಅಂದಾಜು ಮಾಡಿಕೊಳ್ಳಿ. ಶಾಲೆಗೆ ರಜೆ ಇರುವುದರಿಂದ ಬಾಡಿಗೆದಾರರು ಮನೆ ಖಾಲಿ ಮಾಡುವುದೂ ಆಗಲೇ. ಅಂದರೆ ಮನೆಗಳೂ ಸಿಗುತ್ತವೆ, ಊರಿನ ನಿಜವಾದ ಮುಖವೂ ಕಾಣುತ್ತದೆ.

ಒಂದು ಓಣಿ ಇಷ್ಟವಾಯಿತು ಅನ್ನಿ. ಮಧ್ಯಾಹ್ನ ಮೂರಕ್ಕೆ ಒಮ್ಮೆ, ಸಂಜೆ ಆರೂವರೆಗೆ ಒಮ್ಮೆ, ರಾತ್ರಿ ಒಂಬತ್ತರ ಮೇಲೆ ಒಮ್ಮೆ ಅಲ್ಲಿ ನಡೆದಾಡಿ. ಗಾಡಿಯಲ್ಲಿ ಅಲ್ಲ, ಕಾಲ್ನಡಿಗೆಯಲ್ಲಿ. ಮಧ್ಯಾಹ್ನ ನೋಡಬೇಕಾದ್ದು ನೆರಳು. ಒಂದು ಬೇವಿನ ಮರ ಆದರೂ ಇದೆಯಾ, ಇಲ್ಲ ಪೂರ್ತಿ ಸಿಮೆಂಟೇನಾ. ಸಂಜೆ ನೋಡಬೇಕಾದ್ದು ಮಕ್ಕಳು. ಬೇರೆ ಮಕ್ಕಳು ಹೊರಗೆ ಬಂದು ಆಡುತ್ತಿದ್ದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾಗಿಲ್ಲ. ಮಕ್ಕಳಿರುವ ಓಣಿಯಲ್ಲಿ ಸಂಜೆಯೂ ಯಾರೂ ಹೊರಗೆ ಬಂದಿಲ್ಲ ಅಂದರೆ ಏನೋ ಕಾರಣ ಇರುತ್ತದೆ. ನಾಯಿಗಳ ಕಾಟ ಇರಬಹುದು, ಒಳದಾರಿ ಅಂತ ಬೈಕುಗಳು ನುಗ್ಗುತ್ತಿರಬಹುದು. ಅಲ್ಲೇ ಕಿರಾಣಿ ಅಂಗಡಿಯಲ್ಲಿ ಒಂದು ಬಿಸ್ಕಿಟ್ ಪೊಟ್ಟಣ ಕೊಂಡು ಕೇಳಿ. ಅಂಗಡಿಯ ಅಣ್ಣಾವ್ರಿಗೆ ಗೊತ್ತಿರುವಷ್ಟು ಏಜೆಂಟನಿಗೂ ಗೊತ್ತಿರುವುದಿಲ್ಲ, ಮೇಲಾಗಿ ಅವರಿಗೆ ಕಮಿಷನ್ ಇಲ್ಲ. ರಾತ್ರಿ ನೋಡಬೇಕಾದ್ದು ಬೀದಿದೀಪ, ಮತ್ತೆ ಓಣಿಯ ಬಾಯಲ್ಲಿ ಯಾರು ನಿಂತಿರುತ್ತಾರೆ ಅನ್ನುವುದು.

ಮಳೆಗಾಲದಲ್ಲಿ ಇನ್ನೊಮ್ಮೆ ನೋಡಿದರೆ ಇನ್ನೂ ಒಳ್ಳೆಯದು. ಇದು ಎರೆ ಮಣ್ಣಿನ ನಾಡು. ಡಾಂಬರು ಬೀಳದ ಹೊಸ ಲೇಔಟಿನಲ್ಲಿ ಎರಡು ದಿನ ಮಳೆ ಹಿಡಿದರೆ ಚಪ್ಪಲಿಗೆ ಸೇರುಗಟ್ಟಲೆ ಕರಿ ಮಣ್ಣು ಮೆತ್ತಿಕೊಳ್ಳುತ್ತದೆ, ಸ್ಕೂಲ್ ಆಟೋದವನು ಮೇನ್ ರೋಡಿನಲ್ಲೇ ನಿಂತು ಹಾರ್ನ್ ಹೊಡೆಯುತ್ತಾನೆ, ನೀವು ಒಂದು ಮಗುವನ್ನು ಎತ್ತಿಕೊಂಡು ಇನ್ನೊಂದರ ಬ್ಯಾಗು ಹಿಡಿದು ಅಲ್ಲಿಯವರೆಗೆ ನಡೆಯಬೇಕು. ಮಳೆಗಾಲಕ್ಕೆ ಬರಲು ಆಗದಿದ್ದರೆ ಅಕ್ಕಪಕ್ಕದ ಗೋಡೆ ನೋಡಿ. ನೀರು ನಿಂತ ಗುರುತು ಎಷ್ಟು ಎತ್ತರಕ್ಕಿದೆ ಅಂತ ಗೋಡೆಯೇ ಹೇಳುತ್ತದೆ. ಗೋಡೆಯಲ್ಲಿ ಓರೆ ಬಿರುಕುಗಳಿದ್ದರೆ ಅದೂ ಎರೆ ಮಣ್ಣಿನ ಕೆಲಸವೇ ಇರಬಹುದು. ಈ ಮಣ್ಣು ಬೇಸಿಗೆಯಲ್ಲಿ ಒಣಗಿ ಸೀಳುತ್ತದೆ, ಮಳೆಗೆ ಉಬ್ಬುತ್ತದೆ, ಪಾಯ ಗಟ್ಟಿ ಇಲ್ಲದ ಮನೆ ಜೊತೆಗೇ ಅಲುಗುತ್ತದೆ.

ಮೇಲಿನ ಮನೆ ಅಗ್ಗ, ಯಾಕೆ ಅಂತ ಕೇಳಿ

ಗಾಳಿ ಬೆಳಕು ಚೆನ್ನಾಗಿದೆ ಅಂತ ಮೇಲಿನ ಮಹಡಿ ತೋರಿಸುತ್ತಾರೆ. ಬಾಡಿಗೆಯೂ ಸ್ವಲ್ಪ ಕಡಿಮೆ ಇರುತ್ತದೆ. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಅನ್ನುವುದು ಸಾಮಾನ್ಯ ಮಾತು. ಮೇಲೆ ಬರೀ ಆರ್‌ಸಿಸಿ ಇದ್ದು, ಅದರ ಮೇಲೆ ಇನ್ನೇನೂ ಇಲ್ಲದಿದ್ದರೆ ಸಂಜೆಯಾದರೂ ಚಾವಣಿ ಕಾದ ಹೆಂಚಿನ ಹಾಗೆ ಶಾಖ ಕಾರುತ್ತಲೇ ಇರುತ್ತದೆ. ರಾತ್ರಿ ಹನ್ನೆರಡರವರೆಗೆ ಮಗು ಮಲಗುವುದಿಲ್ಲ. ಮಗು ಮಲಗದಿದ್ದರೆ ನೀವೂ ಮಲಗುವುದಿಲ್ಲ.

ಹಾಗಾಗಿ ಚಿಕ್ಕ ಮಕ್ಕಳಿದ್ದರೆ ಕೆಳಗಿನ ಮನೆ, ಇಲ್ಲವೇ ಮೇಲೆ ಇನ್ನೊಂದು ಮಹಡಿ ಇರುವ ಮನೆಯೇ ನನ್ನ ಮತ. ಪಡುವಣ ದಿಕ್ಕಿನ ಗೋಡೆಗೆ ಮಲಗುವ ಕೋಣೆ ತಾಗಿದ್ದರೆ ಎರಡು ಸಲ ಯೋಚಿಸಿ. ನೆಲಕ್ಕೆ ಶಹಾಬಾದ್ ಕಲ್ಲು ಹಾಕಿದ ಹಳೇ ಮನೆ ಸಿಕ್ಕರೆ ಮೂಗು ಮುರಿಯಬೇಡಿ. ಟೈಲ್ಸಿನಷ್ಟು ಮಿಂಚುವುದಿಲ್ಲ, ನಿಜ. ಆದರೆ ಬೇಸಿಗೆಯ ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ಒರೆಸಿ ಮಗುವನ್ನು ಅದರ ಮೇಲೆ ಬಿಟ್ಟು ನೋಡಿ, ಆಮೇಲೆ ನೀವೇ ಹೇಳುತ್ತೀರಿ. ಟೈಲ್ಸಿನ ಮಿಂಚಿಗೆ ಮರುಳಾಗುವವರು ಈ ಕಲ್ಲು ನಮ್ಮದೇ ಜಿಲ್ಲೆಯದು ಅನ್ನುವುದನ್ನೂ ಮರೆತಿರುತ್ತಾರೆ.

ಇನ್ನೊಂದು, ಬೆಂಗಳೂರು ಮೈಸೂರು ಕಡೆಯಿಂದ ಬರುವವರಿಗೆ ಹೊಳೆಯುವುದೇ ಇಲ್ಲ. ಕೂಲರ್. ಇಲ್ಲಿ ಒಣ ಸೆಕೆ, ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಹೆಚ್ಚಿನ ಮನೆಗಳಲ್ಲಿ ಅದೇ ಇರುತ್ತದೆ. ಕಿಟಕಿಯ ಹೊರಗೆ ಅದನ್ನು ಇಡಲು ಜಾಗ ಇದೆಯಾ, ಸ್ಟ್ಯಾಂಡ್ ಹಾಕಲು ಮಾಲೀಕರು ಒಪ್ಪುತ್ತಾರಾ, ಹತ್ತಿರ ಪ್ಲಗ್ ಇದೆಯಾ, ದಿನಾ ತುಂಬಲು ನೀರು ಇದೆಯಾ ಅಂತ ನೋಡಿಕೊಳ್ಳಿ. ಮಳೆ ಶುರುವಾದ ಮೇಲೆ ಅದರೊಳಗಿನ ನೀರು ಖಾಲಿ ಮಾಡಿ ಒಣಗಿಸಿಡಿ. ಡೆಂಗ್ಯೂ ಸೊಳ್ಳೆ ಬೆಳೆಯುವುದು ಅಂಥ ನಿಂತ ತಿಳಿನೀರಿನಲ್ಲೇ. ಓಣಿಯಲ್ಲಿ ನಡೆದಾಡುವಾಗ ಪಕ್ಕದ ಮನೆಗಳ ಕೂಲರ್, ಬ್ಯಾರಲ್, ಹಳೇ ಟೈರು ಹೇಗಿವೆ ಅಂತ ಕಣ್ಣಾಡಿಸಿ. ಸೊಳ್ಳೆಗೆ ಕಾಂಪೌಂಡ್ ಗೊತ್ತಾಗುವುದಿಲ್ಲ.

ನೀರಿನ ವಿಷಯ ಪೂರ್ತಿ ಕೇಳಿ

"ನೀರಿಂದು ಏನೂ ತ್ರಾಸ ಇಲ್ರಿ" ಅಂತ ಎಲ್ಲ ಮಾಲೀಕರೂ ಹೇಳುತ್ತಾರೆ. ಆ ಉತ್ತರ ಸಾಲದು. ಊರಿಗೆ ನೀರು ಬರುವುದು ಭೀಮಾ ನದಿಯಿಂದ ಮತ್ತೆ ಬೆಣ್ಣೆತೊರಾ ಜಲಾಶಯದಿಂದ. 2008ರಲ್ಲೇ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಡುವ ಯೋಜನೆ ಪ್ರಾಯೋಗಿಕವಾಗಿ ಶುರುವಾಗಿತ್ತು. ಅದನ್ನು ಇಡೀ ಊರಿಗೆ ಹಬ್ಬಿಸುವ ಕೆಲಸ ಆಮೇಲೆ ಕೈಗೆತ್ತಿಕೊಂಡರು. ಹಾಗಾಗಿ ಇಲ್ಲಿ ನೀರು ಅನ್ನುವುದು ಊರಿನ ವಿಷಯ ಅಲ್ಲ, ವಾರ್ಡಿನ ವಿಷಯ. ಒಂದು ಓಣಿಯಲ್ಲಿ ಸದಾ ನಳ ಬರುತ್ತಿರುತ್ತದೆ, ಸ್ವಲ್ಪ ಆಚೆ ದಿನಗಳ ಲೆಕ್ಕದಲ್ಲಿ ಕಾಯುತ್ತಿರುತ್ತಾರೆ.

ಕೇಳಬೇಕಾದ್ದು ಹೀಗೆ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಎಷ್ಟು ಹೊತ್ತಿಗೆ? ಬೆಳಗಿನ ಜಾವ ನಾಲ್ಕಕ್ಕೆ ಬರುವುದಾದರೆ ಯಾರು ಎದ್ದು ಮೋಟಾರ್ ಹಾಕುತ್ತಾರೆ, ನೀವಾ ಮಾಲೀಕರಾ? ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗಳಿಗೆ ಹಂಚಿಕೆ? ಬೋರ್ ಇದೆಯಾ, ಮೇನಲ್ಲಿ ಅದು ನಿಲ್ಲುತ್ತದಾ? ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು? ಮಾಲೀಕರನ್ನು ಕೇಳಿದ ಮೇಲೆ ಅದೇ ಪ್ರಶ್ನೆಗಳನ್ನು ಎದುರು ಮನೆಯ ಅಕ್ಕನಿಗೂ ಕೇಳಿ. ಎರಡು ಉತ್ತರ ಒಂದೇ ಆದರೆ ಒಳ್ಳೆಯದು.

ಬೋರ್ ನೀರು ಇಲ್ಲಿ ಬಹಳ ಕಡೆ ಸವಳು. ಕಲಬುರಗಿ, ಯಾದಗಿರಿ ಜಿಲ್ಲೆಗಳ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುವುದು ಇಂಥ ನೀರು ವರ್ಷಗಟ್ಟಲೆ ಕುಡಿಯುವುದರಿಂದ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ. ಆದ್ದರಿಂದ ಕುಡಿಯಲು, ಅಡುಗೆಗೆ ನಳದ ನೀರನ್ನೇ ಸೋಸಿ ಕುದಿಸಿ ಬಳಸಿ, ಇಲ್ಲವೇ ಆರ್‌ಒ ನೀರು. ಹತ್ತಿರ ಶುದ್ಧ ಕುಡಿಯುವ ನೀರಿನ ಘಟಕ ಇದೆಯಾ ನೋಡಿ. ಇದೆ ಅಂತ ಬೋರ್ಡ್ ಇದ್ದರೆ ಸಾಲದು, ನಡೆಯುತ್ತಿದೆಯಾ ನೋಡಿ. ಕೊಡ ಹಿಡಿದು ಯಾರಾದರೂ ನಿಂತಿದ್ದರೆ ನಡೆಯುತ್ತಿದೆ ಅಂತ ಅರ್ಥ.

ಎಲ್ಲಕ್ಕಿಂತ ಮುಖ್ಯ, ಸಂಪಿನ ಮುಚ್ಚಳ. ನೀರು ದಿನಾ ಬರದ ಊರಲ್ಲಿ ಪ್ರತಿ ಮನೆಗೂ ಸಂಪು ಇರುತ್ತದೆ, ಅದು ಬಹಳ ಸಲ ಬಾಗಿಲ ಮುಂದೆಯೇ, ಮಗು ಆಡುವ ಜಾಗದಲ್ಲೇ ಇರುತ್ತದೆ. ಮುಚ್ಚಳ ಕಬ್ಬಿಣದ್ದಾ, ತುಕ್ಕು ಹಿಡಿದಿದೆಯಾ, ಬೀಗ ಹಾಕಲು ಬರುತ್ತದಾ? ತೆಳು ತಗಡು ಮುಚ್ಚಿ ಮೇಲೆ ಕಲ್ಲಿಟ್ಟಿದ್ದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಮಾಡಿಸಿ ಅಂತ ಹೇಳಿ. ನಾಚಿಕೆ ಬೇಡ. "ನಮ್ಮ ಮಕ್ಕಳೂ ಇಲ್ಲೇ ಬೆಳದಾರ್ರಿ, ಏನ್ ಆಗಲ್ರಿ" ಅಂದರೆ ನಗುತ್ತಲೇ ಇನ್ನೊಮ್ಮೆ ಹೇಳಿ. ಒಪ್ಪದಿದ್ದರೆ ಆ ಮನೆ ಬಿಡಿ. ನಾನು ಬೇರೆ ಯಾವ ವಿಷಯದಲ್ಲೂ ಇಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಪಕ್ಕದ ಖಾಲಿ ಪ್ಲಾಟುಗಳನ್ನೂ ನೋಡಿ, ಮನೆ ಕಟ್ಟಲು ಶುರು ಮಾಡಿದವರು ಮೊದಲು ತೋಡುವುದೇ ಸಂಪು, ಅದು ತಿಂಗಳುಗಟ್ಟಲೆ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ.

ಶಾಲೆ: ಹೆಸರಿಗಿಂತ ದಾರಿ ಮುಖ್ಯ

ಊರಿನ ಆ ತುದಿಯಲ್ಲಿರುವ ಹೆಸರಾಂತ ಶಾಲೆಗೆ ಎಲ್‌ಕೆಜಿ ಮಗುವನ್ನು ಕಳಿಸುವವರನ್ನು ನೋಡಿದರೆ ನನಗೆ ಅರ್ಥವಾಗುವುದಿಲ್ಲ. ಆಟೋದಲ್ಲಿ ಹತ್ತು ಹನ್ನೆರಡು ಮಕ್ಕಳು, ಹೊರಗೆ ನೇತಾಡುವ ಬ್ಯಾಗುಗಳು, ರಿಂಗ್ ರೋಡಿನಲ್ಲಿ ಲಾರಿಗಳು, ಮಧ್ಯಾಹ್ನದ ಬಿಸಿಲು. ಐದನೇ ಕ್ಲಾಸಿನವರೆಗೆ ನಡೆದು ಹೋಗುವಷ್ಟು ದೂರದ ಶಾಲೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಇದ್ದಾರೆ, ಇರಲಿ. ಆದರೆ ಒಂದು ಮಾತು ಒಪ್ಪಿಕೊಳ್ಳಿ: ಮೊದಲು ಶಾಲೆ ಗೊತ್ತು ಮಾಡಿ, ಆಮೇಲೆ ಅದರ ಸುತ್ತ ಮನೆ ಹುಡುಕಿ. ಮನೆ ಹಿಡಿದು ಆಮೇಲೆ ಸೀಟು ಹುಡುಕುವುದು ತಲೆನೋವು. ನಡುವೆ ರಿಂಗ್ ರೋಡು ಅಥವಾ ರೈಲ್ವೆ ಹಳಿ ಬರದ ಹಾಗೆ ನೋಡಿಕೊಳ್ಳಿ. ನಕ್ಷೆಯಲ್ಲಿ ಒಂದು ಕಿಲೋಮೀಟರ್ ಅಂತ ಕಾಣುವುದು ಹಳಿ ದಾಟಬೇಕಾದರೆ ಬೇರೆಯೇ ಆಗುತ್ತದೆ, ಜೋರು ಮಳೆಗೆ ಅಂಡರ್‌ಬ್ರಿಜ್‌ನಲ್ಲಿ ನೀರು ನಿಂತರಂತೂ ಕೇಳಲೇಬೇಡಿ.

ಒಂದನೇ ಕ್ಲಾಸಿಗೆ ಸೇರಿಸುವುದಾದರೆ ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು ಅನ್ನುವುದು ರಾಜ್ಯದ ನಿಯಮ. ಬೇರೆ ರಾಜ್ಯದಿಂದ ಬರುವವರು ಇದನ್ನು ಮೊದಲೇ ಲೆಕ್ಕ ಹಾಕಿ, ಅಲ್ಲಿ ಯುಕೆಜಿ ಮುಗಿಸಿದ್ದೇವೆ ಅಂದ ಮಾತ್ರಕ್ಕೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ಶಾಲೆಗಳು ಮೇ ಕೊನೆಗೇ ತೆರೆಯುತ್ತವೆ, ಹಾಗಾಗಿ ವಿಚಾರಣೆ ಅದಕ್ಕಿಂತ ಬಹಳ ಮುಂಚೆ ಆಗಬೇಕು. ರಾಜ್ಯದೊಳಗೇ ಬರುವವರು ಹಳೇ ಶಾಲೆ ಬಿಡುವಾಗ ಟಿಸಿ ಜೊತೆ ಮಗುವಿನ ಸ್ಯಾಟ್ಸ್ ನಂಬರ್, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗಿರುವ ನಂಬರ್, ಬರೆದುಕೊಳ್ಳಿ. ಆನ್‌ಲೈನ್‌ನಲ್ಲಿ ಹಳೇ ಶಾಲೆ ಬಿಟ್ಟುಕೊಡದೆ ಹೊಸ ಶಾಲೆ ಹೆಸರು ಸೇರಿಸಲು ಆಗುವುದಿಲ್ಲ, ಆಮೇಲೆ ನೀವು ಎರಡೂ ಕಡೆ ಫೋನ್ ಮಾಡುತ್ತಾ ಕೂರಬೇಕು.

ಪುಣೆ, ಸೊಲ್ಲಾಪುರ, ಹೈದರಾಬಾದ್‌ನಿಂದ ವಾಪಸ್ ಬರುವ ನಮ್ಮ ಕಡೆಯ ಕುಟುಂಬಗಳು ಬಹಳ. ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. 2015ರ ಕಾಯ್ದೆ ಪ್ರಕಾರ ಇಲ್ಲಿನ ಶಾಲೆಗಳಲ್ಲಿ ಕನ್ನಡವನ್ನು ಮೊದಲನೇ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಅಂಥ ಮಗುವಿಗೆ ಟೀಚರ್ ಬೇರೆಯಾಗಿ ಸ್ವಲ್ಪ ಸಮಯ ಕೊಡುತ್ತಾರಾ ಅಂತ ಅಡ್ಮಿಷನ್ ಹೊತ್ತಲ್ಲೇ ಕೇಳಿ. ಸರ್ಕಾರಿ ಶಾಲೆ ಅಂದ ಕೂಡಲೇ ಮುಖ ತಿರುಗಿಸಬೇಡಿ. ಈ ಭಾಗದ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಈಗ ಎಲ್‌ಕೆಜಿ, ಯುಕೆಜಿ ಇದೆ. ಒಳಗೆ ಹೋಗಿ ಎರಡು ವಿಷಯ ನೋಡಿ: ಟೀಚರ್ ಎಷ್ಟು ಜನ ಇದ್ದಾರೆ, ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದಾ. ಖಾಸಗಿ ಶಾಲೆಗೂ ಇದೇ ಪರೀಕ್ಷೆ. ಫೀಸು ಕಟ್ಟಿದ ಕೂಡಲೇ ಶೌಚಾಲಯ ತಾನಾಗಿ ಚೊಕ್ಕ ಆಗುವುದಿಲ್ಲ.

371ಜೆ, ಅಂದರೆ ಈ ಭಾಗದವರಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ, ಅದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಲ್ಲಿಗೆ ಬಂದು ನೆಲೆಸಿದ ಕೂಡಲೇ ಮಕ್ಕಳಿಗೆ ಸೀಟಿನ ಮೀಸಲಾತಿ ಸಿಗುತ್ತದೆ ಅಂತ ಯಾರೋ ಹೇಳಿರುತ್ತಾರೆ. ಹಾಗಿಲ್ಲ. ಹುಟ್ಟು ಅಥವಾ ನಿಗದಿಯಾದಷ್ಟು ವರ್ಷಗಳ ವಾಸ, ಇದರ ಮೇಲೆ ಅದು ನಿಂತಿದೆ. ಪ್ರಮಾಣಪತ್ರ ಕೊಡುವುದು ಸಹಾಯಕ ಆಯುಕ್ತರ ಕಚೇರಿ. ನೀವು ಮೂಲತಃ ಈ ಕಡೆಯವರೇ ಆಗಿದ್ದರೆ ನಿಮ್ಮ ಹಳೇ ಶಾಲಾ ದಾಖಲೆ, ಅಪ್ಪ ಅಮ್ಮನ ದಾಖಲೆ ಎಲ್ಲ ಜೋಪಾನ ಮಾಡಿ. ಎಲ್‌ಕೆಜಿ ಮಗುವಿಗೋಸ್ಕರ ಮನೆ ಆರಿಸುವಾಗ ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ, ಅದಕ್ಕೆ ಇನ್ನೂ ಬಹಳ ವರ್ಷ ಇದೆ.

ಮಕ್ಕಳ ಡಾಕ್ಟರ್ ಮತ್ತೆ ಲಸಿಕೆ

ದೊಡ್ಡ ಆಸ್ಪತ್ರೆಗಳ ಚಿಂತೆ ಕಲಬುರಗಿಯಲ್ಲಿ ಕಡಿಮೆ. ಜಿಮ್ಸ್, ಇಎಸ್‌ಐಸಿ, ಬಸವೇಶ್ವರ ಆಸ್ಪತ್ರೆ ಮೂರೂ ಸೇಡಂ ರಸ್ತೆ ಕಡೆಯೇ ಇವೆ. ನೀವು ನೋಡಬೇಕಾದ್ದು ಸಣ್ಣದು. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ 103 ಬಂದರೆ ಆ ಓಣಿಯಿಂದ ಆಟೋ ಸಿಗುತ್ತದಾ? ಹತ್ತಿರದಲ್ಲಿ ತಡರಾತ್ರಿಯವರೆಗೆ ತೆರೆದ ಔಷಧಿ ಅಂಗಡಿ ಇದೆಯಾ? ಆ ಓಣಿಯ ತಾಯಂದಿರು ಯಾವ ಮಕ್ಕಳ ಡಾಕ್ಟರ್ ಹತ್ತಿರ ಹೋಗುತ್ತಾರೆ ಅಂತ ಕೇಳಿ. ಮೂರು ಮನೆಯವರು ಒಂದೇ ಹೆಸರು ಹೇಳಿದರೆ ಸಾಕು.

ತಾಯಿ ಕಾರ್ಡನ್ನು ಸಾಮಾನಿನ ಲಾರಿಗೆ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ. ಊರು ಬದಲಿಸುವ ಗಡಿಬಿಡಿಯಲ್ಲಿ ತಪ್ಪಿಹೋಗುವುದು 16 ತಿಂಗಳ ನಂತರದ ಬೂಸ್ಟರ್ ಮತ್ತೆ 5 ವರ್ಷದ ಡಿಪಿಟಿ. ಹೊಸ ಓಣಿಯ ಆಶಾ ಕಾರ್ಯಕರ್ತೆ ಯಾರು ಅಂತ ಮೊದಲ ವಾರವೇ ತಿಳಿದುಕೊಂಡು ನಂಬರ್ ಇಟ್ಟುಕೊಳ್ಳಿ. ಅಂಗನವಾಡಿಗೆ ಹೋಗಿ ಕೇಳಿದರೆ ಅವರೇ ಹೇಳುತ್ತಾರೆ. ಮಗುವನ್ನು ಅಂಗನವಾಡಿಗೆ ಕಳಿಸುವುದಿಲ್ಲ ಅನ್ನುವವರೂ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ, ಆ ಓಣಿಯಲ್ಲಿ ನಿಮ್ಮ ಮಗುವಿನ ವಯಸ್ಸಿನವರು ಎಷ್ಟಿದ್ದಾರೆ ಅನ್ನುವುದು ಅಲ್ಲಿನ ಟೀಚರಿಗೆ ಬಾಯಿಪಾಠ.

ಓಣಿಯ ಮಂದಿ

ಇಲ್ಲಿ ಕಟ್ಟೆ ಮೇಲೆ ಕೂರುವ ಅಭ್ಯಾಸ ಇನ್ನೂ ಹೋಗಿಲ್ಲ. ಸಂಜೆ ಹಿರಿಯರು ಹೊರಗೆ ಕುರ್ಚಿ ಹಾಕಿಕೊಂಡು ಕೂರುವ ಓಣಿ ಚಿಕ್ಕ ಮಕ್ಕಳಿಗೆ ಬಹಳ ಒಳ್ಳೆಯದು. ನಿಮ್ಮ ಮಗು ಗೇಟು ದಾಟಿ ಓಡಿದರೆ "ಏ ತಮ್ಮಾ, ಎಲ್ಲಿ ಹೊಂಟಿ?" ಅನ್ನುವ ಒಬ್ಬ ಆಯಿ ಇರುತ್ತಾಳೆ. ಅದರ ಜೊತೆಗೆ ನಿಮ್ಮ ಸಂಬಳ ಎಷ್ಟು, ಎರಡನೆಯದು ಯಾವಾಗ, ಅತ್ತೆ ಯಾಕೆ ಬಂದಿಲ್ಲ ಅಂತಲೂ ಕೇಳುತ್ತಾರೆ. ದೊಡ್ಡ ಊರಿನ ಫ್ಲ್ಯಾಟಿನಿಂದ ಬಂದವರಿಗೆ ಇದು ಕಿರಿಕಿರಿ ಅನ್ನಿಸಬಹುದು. ಎರಡೂ ಒಂದೇ ಕಟ್ಟಿನಲ್ಲಿ ಬರುತ್ತವೆ, ಬಿಡಿಸಲು ಆಗುವುದಿಲ್ಲ. ಪಕ್ಕದ ಮನೆಯವರು ಯಾರು ಅಂತ ಗೊತ್ತಿಲ್ಲದೇ ಇರುವುದೇ ನಿಮಗೆ ಇಷ್ಟ ಅಂದರೆ ಅಪಾರ್ಟ್‌ಮೆಂಟ್ ನೋಡಿ, ಅಲ್ಲಿ ಲಿಫ್ಟು ಕೆಟ್ಟರೆ ಮಾತ್ರ ಜನ ಮಾತಾಡುತ್ತಾರೆ.

ಮನೆ ಕೇಳಲು ಹೋದಾಗ "ನೀವು ಯಾವ ಮಂದಿ?" ಅನ್ನುವ ಪ್ರಶ್ನೆ ಬರಬಹುದು. ನೇರವಾಗಿ ಕೇಳುವವರೂ ಇದ್ದಾರೆ, ಊಟದ ನೆಪದಲ್ಲಿ ಸುತ್ತಿ ಬಳಸಿ ಕೇಳುವವರೂ ಇದ್ದಾರೆ. ಇದು ತಪ್ಪು, ಆದರೆ ಇದೆ. ನಮ್ಮ ಮನೆಯಲ್ಲಿ ಮೊಟ್ಟೆ ಮಾಂಸ ಮಾಡುತ್ತೇವೆ, ಪರವಾಗಿಲ್ವಾ ಅಂತ ನೀವೇ ಮೊದಲು ಕೇಳಿಬಿಡುವುದು ಒಳ್ಳೆಯದು. ಬಾಡಿಗೆ ಕೊಟ್ಟು ಕದ್ದು ಅಡುಗೆ ಮಾಡುವುದು, ಮಕ್ಕಳಿಗೆ ಹೊರಗೆ ಹೇಳಬೇಡ ಅಂತ ಹೇಳಿಕೊಡುವುದು ಬೇಡವೇ ಬೇಡ. ಜಾತಿ ಕೇಳಿ ಮನೆ ಕೊಡುವವರು ನಾಳೆ ನಿಮ್ಮ ಮಗುವಿನ ಜೊತೆ ಆಡಲು ಬಂದ ಗೆಳೆಯನಿಗೂ ಅದನ್ನೇ ಕೇಳುತ್ತಾರೆ. ಅಂಥ ಮನೆ ಎಷ್ಟೇ ಚಂದ ಇದ್ದರೂ ನಾನಾದರೆ ಬಿಡುತ್ತೇನೆ.

ಭಾಷೆಯ ಬಗ್ಗೆ ಹೆದರಬೇಡಿ. ಒಂದೇ ಓಣಿಯಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು, ಲಂಬಾಣಿ ಕೇಳಿಸುತ್ತವೆ. ಮೈಸೂರು ಕಡೆಯ ಮಗು ಮೊದಮೊದಲು ಮಾತಾಡುವಾಗ ನಗೆಪಾಟಲಾಗಬಹುದು, ಸ್ವಲ್ಪ ದಿನಕ್ಕೆ ನಿಮಗೇ "ಹೌದ್ರಿ" ಅನ್ನಲು ಶುರು ಮಾಡುತ್ತದೆ. ಮಿಶ್ರ ಓಣಿ ಸಿಕ್ಕರೆ ಬಿಡಬೇಡಿ. ಶರಣಬಸವೇಶ್ವರ ಜಾತ್ರೆಗೂ ಬಂದೇ ನವಾಜ್ ಉರುಸಿಗೂ ಇಡೀ ಊರು ಹೋಗುತ್ತದೆ, ಎರಡಕ್ಕೂ ಕರೆದುಕೊಂಡು ಹೋಗುವ ನೆರೆಯವರಿದ್ದರೆ ಮಗುವಿಗೆ ಊರು ಬೇಗ ತನ್ನದಾಗುತ್ತದೆ. ದೇವಸ್ಥಾನಕ್ಕೋ ದರ್ಗಾಕ್ಕೋ ಬಹಳ ಹತ್ತಿರ ಮನೆ ಮಾಡುವವರು ಮಾತ್ರ ಆ ದಿನಗಳಲ್ಲಿ ರಸ್ತೆ ಬಂದ್ ಆಗುವುದು, ಮೈಕು, ಜನ ಇವಕ್ಕೆ ತಯಾರಿರಬೇಕು.

ಯಾವ ಕಡೆ ಮನೆ ಮಾಡಬೇಕು

ಇಂಥದ್ದೇ ಏರಿಯಾ ಅಂತ ಹೇಳಲಾರೆ, ಕೆಲಸದ ಜಾಗ ನೋಡಿ ಹೇಳಬೇಕು. ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆ, ವಿಮಾನ ನಿಲ್ದಾಣ ಕಡೆ ಕೆಲಸ ಅಂದರೆ ಸೇಡಂ ರಸ್ತೆ ಸರಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಆಳಂದ ರಸ್ತೆ ಕಡೆ ಇದ್ದರೆ ದಿನಾ ಊರು ದಾಟುವುದು ತಪ್ಪುತ್ತದೆ. ಹುಮನಾಬಾದ್ ರಸ್ತೆಯಲ್ಲಿ ಕಪನೂರ ಕೈಗಾರಿಕಾ ಪ್ರದೇಶ ಇದೆ. ಇದು ತೊಗರಿಯ ಊರು, ದಾಲ್ ಮಿಲ್ಲು ಜಾಸ್ತಿ. ಮಿಲ್ಲಿನ ಹತ್ತಿರ ಹೊಟ್ಟಿನ ಧೂಳು ಹಾರುತ್ತದೆ, ಮಗುವಿಗೆ ಉಬ್ಬಸ ಇದ್ದರೆ ಅಲ್ಲಿಂದ ದೂರ ಇರಿ. ಸುಗ್ಗಿ ಹೊತ್ತಿಗೆ ಗಂಜ್, ಅಂದರೆ ಕಾಳಿನ ಮಾರುಕಟ್ಟೆ, ಅದರ ಸುತ್ತಮುತ್ತ ಲಾರಿ, ಟ್ರ್ಯಾಕ್ಟರ್ ತುಂಬಿರುತ್ತವೆ, ಅದನ್ನೂ ನೆನಪಿಡಿ.

ಬ್ರಹ್ಮಪುರ, ಶಹಾಬಜಾರ್ ಥರದ ಹಳೇ ಭಾಗಗಳಲ್ಲಿ ಅಂಗಡಿ, ಡಾಕ್ಟರ್, ಶಾಲೆ ಎಲ್ಲ ಕಾಲ್ನಡಿಗೆಯಲ್ಲಿ ಸಿಗುತ್ತವೆ. ಆದರೆ ಓಣಿ ಇಕ್ಕಟ್ಟು, ಕಾರು ಇದ್ದರೆ ಕಷ್ಟ, ಗಟಾರ ತೆರೆದಿರಬಹುದು. ರಿಂಗ್ ರೋಡಿನ ಆಚೆಯ ಹೊಸ ಲೇಔಟುಗಳಲ್ಲಿ ಜಾಗ, ಗಾಳಿ ಎಲ್ಲ ಇದೆ, ಬಾಡಿಗೆಯೂ ಕಡಿಮೆ. ಜನ ಮಾತ್ರ ಇಲ್ಲ. ನಾಲ್ಕು ಮನೆ, ಹತ್ತು ಖಾಲಿ ಪ್ಲಾಟು, ಪ್ಲಾಟಿನಲ್ಲಿ ಜಾಲಿ ಮುಳ್ಳು, ಹಾವು, ಹಂದಿ. ದಿನವಿಡೀ ಮಗುವಿನ ಜೊತೆ ಅಲ್ಲಿ ಒಬ್ಬರೇ ಇರುವವರಿಗೆ ಅದು ಬಹಳ ಬೇಸರ. ನಡುವಿನ ವಯಸ್ಸಿನ ಕಾಲೋನಿಗಳು, ಅಂದರೆ ಜಯನಗರ, ಸಂತೋಷ ಕಾಲೋನಿ, ವಿದ್ಯಾನಗರ, ಖೂಬಾ ಪ್ಲಾಟ್ ಇಂಥವು ಚಿಕ್ಕ ಮಕ್ಕಳಿರುವವರಿಗೆ ಹೆಚ್ಚು ಹೊಂದುತ್ತವೆ ಅನ್ನುವುದು ನನ್ನ ಲೆಕ್ಕ. ಮರ ಬೆಳೆದಿರುತ್ತವೆ, ನೆರೆಯವರು ಹಳಬರಿರುತ್ತಾರೆ. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಪೆಟ್ರೋಲು, ಆಟೋ ಲೆಕ್ಕ ಹಾಕಿದರೆ ಸರಿಹೋಗುತ್ತದೆ. ಪಬ್ಲಿಕ್ ಗಾರ್ಡನ್ ಅಥವಾ ಅಪ್ಪನ ಕೆರೆ ಹತ್ತಿರ ಆದರೆ ಸಂಜೆಯ ಚಿಂತೆ ಮುಗಿಯಿತು.

ಬಂದ ಮೊದಲ ವರ್ಷವೇ ಪ್ಲಾಟು ಕೊಳ್ಳಬೇಡಿ. ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯಲಿ.

ಬೀದರ್, ಯಾದಗಿರಿಗೆ ಹೋಗುವವರಿಗೆ

ಬೀದರ್ ಎತ್ತರದಲ್ಲಿದೆ, ಸಮುದ್ರ ಮಟ್ಟಕ್ಕಿಂತ ಸುಮಾರು 2,200 ಅಡಿ. ಹಾಗಾಗಿ ಬೇಸಿಗೆ ಕಲಬುರಗಿಗಿಂತ ಸ್ವಲ್ಪ ಸೌಮ್ಯ, ಚಳಿಗಾಲ ಮಾತ್ರ ನಿಜವಾದ ಚಳಿಗಾಲ. ಮಕ್ಕಳಿಗೆ ಸ್ವೆಟರ್ ತನ್ನಿ. ಮೇಲೆ ಹೇಳಿದ್ದೆಲ್ಲ ಅಲ್ಲಿಗೂ ಹೊಂದುತ್ತದೆ, ಎರಡು ಮಾತು ಸೇರಿಸುತ್ತೇನೆ. ಅಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಹಗಲು ಹೊತ್ತು ಜೆಟ್ ವಿಮಾನಗಳ ಸದ್ದು ಜೋರು. ದೊಡ್ಡ ಮಕ್ಕಳಿಗೆ ಅದೇ ಹಬ್ಬ, ಕೈಕೂಸು ಮಧ್ಯಾಹ್ನ ಮಲಗುವುದು ಮಾತ್ರ ಕಷ್ಟ, ಮನೆ ನೋಡಲು ವಾರದ ದಿನವೇ ಹೋಗಿ. ಎರಡನೆಯದು, ಹಳೇ ಊರಿನ ಚೌಬಾರಾ ಸುತ್ತ ರಸ್ತೆಗಳು ಕಿರಿದು, ಓಡಾಟ ಜಾಸ್ತಿ. ಬೀದರಿನವರು ದೊಡ್ಡ ಚಿಕಿತ್ಸೆಗೆ ಹೈದರಾಬಾದ್‌ಗೆ ಹೋಗುತ್ತಾರೆ, ಅದು ಸುಮಾರು 140 ಕಿಲೋಮೀಟರ್. ಮಗುವಿಗೆ ಮೊದಲಿನಿಂದಲೂ ಏನಾದರೂ ಚಿಕಿತ್ಸೆ ನಡೆಯುತ್ತಿದ್ದರೆ ಆ ಓಡಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಯಾದಗಿರಿ ಚಿಕ್ಕ ಊರು, ಹೆಚ್ಚಿನದ್ದು ನಡೆದೇ ಮುಗಿಯುತ್ತದೆ, ಅದೇ ಅದರ ಸುಖ. ಬಿಸಿಲು ಕಲಬುರಗಿಗೆ ಏನೂ ಕಡಿಮೆ ಇಲ್ಲ. ಮನೆಗಳ ಆಯ್ಕೆ ಕಡಿಮೆ, ಆದ್ದರಿಂದ ಆನ್‌ಲೈನ್ ಹುಡುಕಾಟ ನಂಬಬೇಡಿ, ಕಚೇರಿಯವರ ಬಾಯಿಮಾತೇ ಕೆಲಸಕ್ಕೆ ಬರುವುದು. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಬರುವವರು ಫ್ಯಾಕ್ಟರಿ ಹತ್ತಿರ ಅಂತ ಅಲ್ಲೇ ಮನೆ ಮಾಡಬೇಡಿ. ಅಲ್ಲಿನ ವಾಸನೆ, ತ್ಯಾಜ್ಯದ ಬಗ್ಗೆ ಸುತ್ತಲಿನ ಹಳ್ಳಿಯವರು ದೂರುತ್ತಲೇ ಬಂದಿದ್ದಾರೆ. ಮಕ್ಕಳನ್ನು ಯಾದಗಿರಿಯಲ್ಲೋ ರಾಯಚೂರಿನಲ್ಲೋ ಇಟ್ಟು ನೀವು ಓಡಾಡುವುದೇ ವಾಸಿ.

ಕಾಗದ ಪತ್ರ, ಮೊದಲ ವಾರ

11 ತಿಂಗಳ ಕರಾರು ಪತ್ರವನ್ನು ಸ್ಟ್ಯಾಂಪ್ ಪೇಪರಿನಲ್ಲೇ ಮಾಡಿಸಿ, ಬಾಯಿಮಾತಿನಲ್ಲಿ ಬೇಡ. ಆಧಾರ್ ವಿಳಾಸ, ಗ್ಯಾಸ್, ಶಾಲೆ ಎಲ್ಲದಕ್ಕೂ ಅದು ಬೇಕು. ಅಡ್ವಾನ್ಸ್ ವಾಪಸ್ ಕೊಡುವಾಗ ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಅಂತ ಅದರಲ್ಲೇ ಬರೆಸಿ. ಮಕ್ಕಳಿರುವ ಮನೆಯ ಗೋಡೆ ಹೇಗಿರುತ್ತದೆ ಅಂತ ಗೊತ್ತಲ್ವಾ. ಹಳೇ ಊರಿನ ಬಾಡಿಗೆ ಮನೆಯ ಮೀಟರಿಗೆ ಗೃಹಜ್ಯೋತಿ ಜೋಡಿಸಿದ್ದರೆ ಮೊದಲು ಅದನ್ನು ಬಿಡಿಸಿ, ಆಮೇಲೆ ಇಲ್ಲಿನ ಆರ್‌ಆರ್ ನಂಬರಿಗೆ ಅರ್ಜಿ ಹಾಕಿ. ಇಲ್ಲಿ ಕರೆಂಟ್ ಕೊಡುವುದು ಜೆಸ್ಕಾಂ, ದೂರಿಗೆ 1912.

ಸಾಮಾನು ಇಳಿಸುವ ದಿನ ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಡಲು ಕರೆಯುತ್ತಾರೆ, ಸಂಕೋಚ ಪಡದೆ ಬಿಡಿ, ಮಧ್ಯಾಹ್ನ ಅವರೇ ರೊಟ್ಟಿ ಕಳಿಸುತ್ತಾರೆ. ತಟ್ಟೆ ಖಾಲಿ ವಾಪಸ್ ಕೊಡಬೇಡಿ, ಒಂದಿಷ್ಟು ಸಕ್ಕರೆಯಾದರೂ ಹಾಕಿ ಕಳಿಸಿ. ಮಕ್ಕಳ ಹಾಸಿಗೆ, ಆಟದ ಸಾಮಾನಿನ ಡಬ್ಬ ಮೊದಲು ಬಿಚ್ಚಿ, ಅಡುಗೆಮನೆ ಸಂಜೆಗೆ ನೋಡಿದರಾಯಿತು. ಅದೇ ವಾರ ಶಾಲೆಯ ದಾರಿಯಲ್ಲಿ ಮಗುವಿನ ಕೈ ಹಿಡಿದು ನಡೆದು ಬನ್ನಿ, ಎಲ್ಲಿ ನಾಯಿ ಇದೆ, ಎಲ್ಲಿ ಗಟಾರ ತೆರೆದಿದೆ, ಎಲ್ಲಿ ರಸ್ತೆ ದಾಟಬೇಕು ಅಂತ ತೋರಿಸಿ. ನಿಮ್ಮ ಫೋನ್ ನಂಬರನ್ನು ಮಗುವಿಗೆ ಬಾಯಿಪಾಠ ಮಾಡಿಸಿ. ಹೊಸ ವಿಳಾಸದಲ್ಲಿ ಓಣಿಯ ಹೆಸರು ಮತ್ತೆ ಹತ್ತಿರದ ಗುಡಿಯದ್ದೋ ಅಂಗಡಿಯದ್ದೋ ಹೆಸರು, ಇಷ್ಟು ಹೇಳಲು ಬಂದರೆ ಸಾಕು. ಇಲ್ಲಿ ಮನೆ ನಂಬರ್ ಹೇಳಿದರೆ ಯಾರಿಗೂ ದಾರಿ ಗೊತ್ತಾಗುವುದಿಲ್ಲ.